ಯೊಸೆಮಿಟಿ ನೋಡಲು ಸುಡುವ ಅರವತ್ತು ಲೀಟರ್

ಊರಿಂದ ಅಪ್ಪ-ಅಮ್ಮ ಬಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡದ ಮನೆಗಳವರು ಅವರಿಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ತೋರಿಸದೆ ಕಳಿಸುವುದು ಕಡಿಮೆ. ನಸುಕಿನಲ್ಲೇ ಹೊರಟು ರಾತ್ರಿ ಮನೆ ಸೇರುವವರೇ ಹೆಚ್ಚು. ಹೋಗಿಬರಲು ಸುಮಾರು 600 ಕಿ.ಮೀ. ಲೀಟರಿಗೆ 10 ಕಿ.ಮೀ. ಕೊಡುವ ಎಸ್‌ಯುವಿಗೆ 60 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಉರಿದರೆ ಸುಮಾರು 2.35 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿಗೆ ಒಂದು ದಿನದ ಸುತ್ತಾಟಕ್ಕೆ 140 ಕೆ.ಜಿ.! ಇಬ್ಬರೇ ಹೋದರೆ ತಲೆಗೆ 70, ಐವರು ಹೋದರೆ 28.

ಕಾರು ಬಿಡುವ ಹೊಗೆಯ ಗುರುತು ಕಾಡಿನಲ್ಲೇ ಸಿಗುತ್ತದೆ. ದಾರಿಯಲ್ಲಿ ದಾಟುವ ಸ್ಯಾನ್ ವಾಕೀನ್ ಕಣಿವೆಯ ಸುತ್ತ ಬೆಟ್ಟಗಳಿರುವುದರಿಂದ ಲಾರಿ, ಕಾರು, ಕಾರ್ಖಾನೆ, ಹೊಲಗಳ ಹೊಗೆ ಅಲ್ಲೇ ನಿಲ್ಲುತ್ತದೆ. ಬಿಸಿಲು ಬಿದ್ದಾಗ ಅದರಿಂದ ಓಝೋನ್ ಎಂಬ ಅನಿಲ ಹುಟ್ಟುತ್ತದೆ. ಹಗಲಿನ ಗಾಳಿ ಅದನ್ನು ಯೊಸೆಮಿಟಿ ಇರುವ ಸಿಯೆರ್ರಾ ನೆವಾಡ ಪರ್ವತಸಾಲಿನ ಇಳಿಜಾರಿಗೆ ಹತ್ತಿಸುತ್ತದೆ. ಪಾಂಡೆರೋಸಾ ಪೈನ್ ಮರದ ಎಲೆಗಳು ಸೂಜಿಯಂತೆ ಮೂರು ಮೂರರ ಗೊಂಚಲಾಗಿರುತ್ತವೆ. ಒಂದು ಗೊಂಚಲು ಕೈಗೆತ್ತಿಕೊಂಡು ನೋಡಿ: ಓಝೋನ್ ತಾಗಿದ್ದರೆ ಹಳೆಯ ಎಲೆಗಳ ಮೇಲೆ ಅಂಚು ಮಸುಕಾದ ಹಳದಿ ಮಚ್ಚೆಗಳಿರುತ್ತವೆ. ಅಂಥ ಎಲೆಗಳು ಅವಧಿಗೆ ಮುನ್ನವೇ ಉದುರುತ್ತವೆ. ಮನುಷ್ಯರ ಶ್ವಾಸಕೋಶಕ್ಕೂ ಇದು ಒಳ್ಳೆಯದಲ್ಲ. ಮಧ್ಯಾಹ್ನದ ಮೇಲೆ ಓಝೋನ್ ಏರುವುದರಿಂದ ಆಸ್ತಮಾ ಇರುವ ಹಿರಿಯರನ್ನು ಬೆಳಿಗ್ಗೆಯೇ ನಡೆಸಿ.

ಕಾರೇ ಬೇಕೆನ್ನುವವರು ಮೊದಲು ಚಾವಣಿಯ ಮೇಲಿನ ಲಗೇಜ್ ಡಬ್ಬಿಯನ್ನು ಇಳಿಸಲಿ. ಗಂಟೆಗೆ 105-120 ಕಿ.ಮೀ. ವೇಗದಲ್ಲಿ ದೊಡ್ಡ ಡಬ್ಬಿ ಗಾಳಿಗೆ ಎದುರು ನಿಂತು ಮೈಲೇಜನ್ನು ಶೇ. 10ರಿಂದ 25ರಷ್ಟು ತಿನ್ನುತ್ತದೆ. ಅದೇ ಸಾಮಾನನ್ನು ಹಿಂಬದಿಯ ಕ್ಯಾರಿಯರ್‌ನಲ್ಲಿ ಇಟ್ಟರೆ ನಷ್ಟ ತೀರಾ ಕಡಿಮೆ. ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಯೊಸೆಮಿಟಿ ಕಣಿವೆಗೆ ಇಳಿದ ಮೇಲೆ ಕಾರನ್ನು ಒಂದೇ ಕಡೆ ನಿಲ್ಲಿಸಿ ಉಚಿತ ಶಟಲ್ ಬಸ್ ಹತ್ತಿ. ವರ್ನಲ್ ಜಲಪಾತದ ಹಾದಿ ಶುರುವಾಗುವ ಹ್ಯಾಪಿ ಐಲ್ಸ್‌ಗೆ ಖಾಸಗಿ ಕಾರು ಬಿಡುವುದೂ ಇಲ್ಲ. ಎಸಿಗಾಗಿ ಎಂಜಿನ್ ಚಾಲೂ ಇಟ್ಟು ನಿಂತರೆ ಗಂಟೆಗೆ ಒಂದರಿಂದ ಎರಡು ಲೀಟರ್ ದಂಡ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಓಕ್‌ಲ್ಯಾಂಡ್ ಕಡೆಯಿಂದ ಆಮ್‌ಟ್ರಾಕ್ ರೈಲಿನಲ್ಲಿ ಮರ್ಸೆಡ್‌ಗೆ ಸುಮಾರು ಮೂರು ಗಂಟೆ. ಅದೇ ನಿಲ್ದಾಣದಿಂದ ಯೊಸೆಮಿಟಿ ಸುತ್ತಲ ಸಾರ್ವಜನಿಕ ಸಾರಿಗೆಯಾದ ಯಾರ್ಟ್ಸ್ ಬಸ್ಸು 140ನೇ ಹೆದ್ದಾರಿ ಹಿಡಿದು ಮಾರಿಪೋಸಾ ಊರಿನ ಮೇಲೆ ಯೊಸೆಮಿಟಿ ಕಣಿವೆಗೆ ಕರೆದೊಯ್ಯುತ್ತದೆ. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಎರಡಕ್ಕೂ ಸೇರಿಸಿ ಆಮ್‌ಟ್ರಾಕ್‌ನಲ್ಲೇ ಒಂದು ಟಿಕೆಟ್ ತೆಗೆಯಬಹುದು. ಆದರೆ ಒಂದೇ ದಿನದಲ್ಲಿ ಹೋಗಿಬರಲು ಇದು ಆಗದು. ಕನಿಷ್ಠ ಎರಡು ರಾತ್ರಿ ಉಳಿಯಬೇಕು, ಉಳಿದರೇ ಚೆನ್ನ. ವರ್ಷಕ್ಕೆ ಮೂರು ಸಲ ಓಡಿಹೋಗಿ ಬರುವುದಕ್ಕಿಂತ ಒಮ್ಮೆ ಹೋಗಿ ಮೂರು ದಿನ ನಡೆಯುವುದೇ ಕಾಡಿಗೂ ಕಾಲಿಗೂ ಹಿತ.

ಎಡವುವುದು ಎರಡು ಕಡೆ. ಉಳಿಯುವ ಜಾಗ ಬೇಸಿಗೆಗೆ ತಿಂಗಳುಗಳ ಮುಂಚೆಯೇ ತುಂಬುತ್ತದೆ, ಹಾಗಾಗಿ ಮೊದಲು ಕೋಣೆ, ಆಮೇಲೆ ರೈಲು. ಎರಡನೆಯದು ಕರಡಿಯ ಕಾಟ, ಅದು ವಾಸನೆ ಹಿಡಿದು ಬರುತ್ತದೆ. ಚಪಾತಿ, ಚಟ್ನಿಪುಡಿ, ಉಪ್ಪಿನಕಾಯಿ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು ಕೂಡ ಟೆಂಟಿನೊಳಗೆ ಇರಕೂಡದು. ಕ್ಯಾಂಪಿನಲ್ಲಿರುವ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಅಗುಳಿ ಬಿದ್ದಿದೆಯೇ ಎಂದು ಎಳೆದು ನೋಡಿ.