ಥೋರೋ ಮನೆಯ 1:12 ಮಾದರಿ: ಗೋಡೆ ಮುಗಿದು ಸೂರಿಗೆ ಬಂದಿದೆ

ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಾಚೆ, ವಾಲ್ಡನ್ ಕೊಳದ ದಂಡೆಯಲ್ಲಿ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ಕಟ್ಟಿಕೊಂಡ, ‘ವಾಲ್ಡನ್’ ಪುಸ್ತಕದಲ್ಲಿ ತಾವೇ ಬಣ್ಣಿಸಿದ ಮನೆಯ ಮಾದರಿ ಇದು. ಅಲ್ಲಿಯ ಒಂದು ಅಡಿ ಇಲ್ಲಿ ಒಂದು ಇಂಚು. ಒಬ್ಬಂಟಿಯ ಮನೆ ಅಂತಲೇ ಇದಕ್ಕೆ ಹೆಸರು. ಆದರೆ ಭಾಗಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತ ಹೋದರೆ ಜಾಗ ಚಿಂತಕ ಗೆಳೆಯ ಎಮರ್ಸನ್‌ರದು, ಹಲಗೆ ಐರಿಷ್ ರೈಲ್ವೆ ಕೂಲಿಯದು, ಚೌಕಟ್ಟು ಎತ್ತಿದ್ದು ಒಂದಿಡೀ ಗೆಳೆಯರ ಬಳಗ. ಹಾಗಾಗಿ ಪ್ರತಿ ಭಾಗದ ಮೇಲೂ ಅದು ಯಾರ ಕೈಯಿಂದ ಬಂತು ಅಂತ ಸಣ್ಣ ಚೀಟಿ ಅಂಟಿಸುತ್ತಿದ್ದೇವೆ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ತಿಂಗಳ ಮನೆ ಅನ್ನುವುದು. ಥೋರೋ ಜುಲೈ 4ರಂದು ಒಳಗೆ ಹೋದಾಗ ಚಿಮಣಿ ಇರಲಿಲ್ಲ, ಗಾರೆ ಇರಲಿಲ್ಲ, ಗೋಡೆಯೆಂದರೆ ಸಂದುಬಿಟ್ಟ ಹಲಗೆಗಳು. ಚಿಮಣಿ ಎದ್ದದ್ದು ಚಳಿ ಬರುವ ಮುಂಚೆ. ಪಕ್ಕದ ಗೋಡೆಗಳಿಗೆ ಮರದ ಹೆಂಚು ಕೂತದ್ದೂ ಆಗಲೇ, ಗಾರೆ ಅದಕ್ಕೂ ಆಮೇಲೆ. ನಾವು ಆರಿಸಿಕೊಂಡದ್ದು ಚಿಮಣಿ ಮುಗಿದು, ಹೆಂಚು ಅರ್ಧ ಕೂತು, ಗಾರೆ ಇನ್ನೂ ಶುರುವಾಗದ ಶರತ್ಕಾಲ. ಒಳಗಿನ ಕಂಬ, ಪಕಾಸಿ ಎಲ್ಲ ಬರಿಗಣ್ಣಿಗೆ ಕಾಣುತ್ತವೆ. ಇಂಥ ಮಾದರಿ ಮಾಡುವವರು ತಿಂಗಳು ಗೊತ್ತುಮಾಡಿಕೊಳ್ಳದೆ ಹೊರಟರೆ ಜುಲೈ ಗೋಡೆಗೆ ಡಿಸೆಂಬರ್ ಅಗ್ಗಿಷ್ಟಿಕೆ ಸೇರಿಕೊಳ್ಳುತ್ತದೆ.

ಚೌಕಟ್ಟು

ಮನೆ 10 ಅಡಿ ಅಗಲ, 15 ಅಡಿ ಉದ್ದ, ಕಂಬ 8 ಅಡಿ. ಮಾದರಿಯಲ್ಲಿ 254 × 381 ಮಿ.ಮೀ., ಎತ್ತರ 203. ಮುಖ್ಯ ತೊಲೆಗಳು 6 ಇಂಚು ಚೌಕ, ಅಂದರೆ ನಮಗೆ 12.7 ಮಿ.ಮೀ. ಅಲ್ಲಿಯದು ಬಿಳಿ ಪೈನ್. ಇಲ್ಲಿ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ತೆಗೆದುಕೊಂಡೆವು. ಹಗುರ, ನಯವಾದ ಎಳೆ, ಬಣ್ಣವೂ ತಿಳಿ, ಉಳಿಗೆ ಚೆನ್ನಾಗಿ ಬಗ್ಗುತ್ತದೆ.

ತೊಲೆಗಳಿಗೆ ನಾಲ್ಕೂ ಕಡೆ ಕೆತ್ತನೆ ಉಂಟು. ನಡುಗಂಬಗಳಿಗೆ ಎರಡೇ ಕಡೆ, ಪಕಾಸಿ ಮತ್ತು ನೆಲದ ಜಂತಿಗಳಿಗೆ ಒಂದೇ ಕಡೆ. ಮಿಕ್ಕ ಕಡೆ ತೊಗಟೆ ಹಾಗೇ. ಇದಕ್ಕೆ 8ರಿಂದ 10 ಮಿ.ಮೀ. ದಪ್ಪದ ಗಾಳಿಮರದ ಕಡ್ಡಿ ಸರಿಹೊಂದುತ್ತದೆ: ನೇರ, ತೊಗಟೆ ಒರಟು. ಸೀಬೆಯ ಕಡ್ಡಿ ಬೇಡ, ತೊಗಟೆ ಸುಲಿದುಹೋಗುತ್ತದೆ. ಹಸಿ ಕಡ್ಡಿ ಕೂರಿಸಿದರೆ ಒಳಗಿನ ಮರ ಕುಗ್ಗಿ ತೊಗಟೆ ಸಡಿಲವಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ ಮೇಲೆ ಸವರಬೇಕು.

ಜೋಡಣೆಯೆಲ್ಲ ಮಾರ್ಟೀಸ್-ಟೆನನ್, ಅಂದರೆ ಒಂದು ಮರದ ಕುಳಿಗೆ ಇನ್ನೊಂದರ ನಾಲಿಗೆ ಕೂರಿಸುವುದು. ಟೆನನ್ 4 ಮಿ.ಮೀ., ಹೊಡೆಯುವುದು 2 ಮಿ.ಮೀ. ಬಿದಿರಿನ ಗೂಟ. ಅಂಟು ಹಾಕಿಲ್ಲ. ಮಳೆಗಾಲದಲ್ಲಿ ಮರ ಊದಿದಾಗ ಕೊರೆದ ಜೋಡಣೆ ಬೇಸಿಗೆಯಲ್ಲಿ ಅಲುಗಾಡುತ್ತದೆ, ಕೊರೆಯುವ ಕೆಲಸ ಒಣ ತಿಂಗಳುಗಳಲ್ಲೇ ಆಗಬೇಕು.

ನಿಜವಾದ ಚೌಕಟ್ಟು ಎದ್ದದ್ದು ಮೇ ತಿಂಗಳ ಆರಂಭದಲ್ಲಿ. ಅಗತ್ಯಕ್ಕಿಂತ ನೆರೆಹೊರೆಯ ಪ್ರೀತಿಗಾಗಿಯೇ ಪರಿಚಯದವರನ್ನು ಕರೆದೆ ಅನ್ನುತ್ತಾರೆ ಥೋರೋ. ಬಂದವರು ಎಮರ್ಸನ್, ಶಿಕ್ಷಣತಜ್ಞ ಬ್ರಾನ್ಸನ್ ಆಲ್ಕಾಟ್, ಕವಿ ಎಲರಿ ಚಾನಿಂಗ್, ಸಹಬಾಳ್ವೆಯ ಪ್ರಯೋಗವಾದ ಬ್ರೂಕ್ ಫಾರ್ಮ್‌ನಲ್ಲಿ ಇದ್ದು ಬಂದಿದ್ದ ಬರಿಲ್ ಮತ್ತು ಜಾರ್ಜ್ ಕರ್ಟಿಸ್ ಅಣ್ಣತಮ್ಮಂದಿರು, ಜೊತೆಗೆ ರೈತ ಎಡ್ಮಂಡ್ ಹಾಸ್ಮರ್ ಮತ್ತು ಮಕ್ಕಳು. ತೊಲೆಯ ತೂಕ ನೆನೆದರೆ ನಿಜವಾಗಿ ಭಾರ ಹೊತ್ತವರು ಹಾಸ್ಮರ್ ಮನೆಯವರೇ ಇರಬೇಕು ಅನ್ನುವುದು ನಮ್ಮ ಊಹೆ. ಚೀಟಿಯಲ್ಲಿ ಅವರ ಹೆಸರು ಎಮರ್ಸನ್‌ರ ಹೆಸರಿನಷ್ಟೇ ದೊಡ್ಡದು. ಎರವಲು ತಂದ ಕೊಡಲಿಗೆ ಮಾತ್ರ ಚೀಟಿ ಇಲ್ಲ: ಅದರ ಒಡೆಯರೆಂದು ಆಲ್ಕಾಟ್, ಚಾನಿಂಗ್, ಎಮರ್ಸನ್ ಮೂವರ ಹೆಸರೂ ಓಡಾಡುತ್ತವೆ.

ಹಲಗೆ ಮತ್ತು ಮೊಳೆ

ಫಿಚ್‌ಬರ್ಗ್ ರೈಲು ಹಳಿಯ ಕೆಲಸಕ್ಕಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಗುಡಿಸಲನ್ನು ಥೋರೋ 4 ಡಾಲರ್ 25 ಸೆಂಟ್‌ಗೆ ಕೊಂಡರು. ಬೆಳಗಾಗುತ್ತಲೇ ಕಾಲಿನ್ಸ್ ಕುಟುಂಬ ಗಂಟುಮೂಟೆ ಹೊತ್ತು ಹೊರಟಿತು. ಥೋರೋ ಗುಡಿಸಲು ಕಳಚಿ, ಮೊಳೆ ಕಿತ್ತು, ಹಲಗೆಗಳನ್ನು ಕೊಳದ ಬಳಿ ಸಾಗಿಸಿ, ಸೊಟ್ಟ ನೆಟ್ಟಗಾಗಲೆಂದು ಹುಲ್ಲಿನ ಮೇಲೆ ಬಿಸಿಲಿಗೆ ಹರವಿದರು. ಗಾಡಿ ಆಚೆ ಹೋದಾಗಲೆಲ್ಲ ಸೀಲಿ ಎಂಬ ನೆರೆಯವನು ಚೆನ್ನಾಗಿದ್ದ ಮೊಳೆಗಳನ್ನು ಜೇಬಿಗಿಳಿಸುತ್ತಿದ್ದ.

ಓದುವಾಗ ಇದು ತಮಾಷೆಯ ಪ್ರಸಂಗ. ಖರ್ಚಿನ ಪಟ್ಟಿ ಪಕ್ಕಕ್ಕಿಟ್ಟುಕೊಂಡರೆ ಹಾಗನ್ನಿಸುವುದಿಲ್ಲ. ಒಟ್ಟು 28 ಡಾಲರ್ 12½ ಸೆಂಟ್‌ನಲ್ಲಿ ಹಲಗೆ 8.03½, ಹೆಂಚು 4.00, ಸಾವಿರ ಹಳೆ ಇಟ್ಟಿಗೆ 4.00, ಮೊಳೆ 3.90. ಸಾವಿರ ಇಟ್ಟಿಗೆಗೂ ಮೊಳೆಗೂ ಹತ್ತೇ ಸೆಂಟ್ ವ್ಯತ್ಯಾಸ! ಸೀಲಿಯ ಜೇಬಿಗೆ ಹೋದದ್ದು ಕಡಿಮೆ ಬೆಲೆಯ ಸಾಮಾನಲ್ಲ. ನಮ್ಮ ಮಾದರಿಯಲ್ಲೂ ಕಿತ್ತ ಮೊಳೆಯ ಹಳೆ ತೂತುಗಳು ಹಲಗೆಯ ಎರಡೂ ತುದಿಗೆ ಇವೆ, 0.5 ಮಿ.ಮೀ. ಡ್ರಿಲ್‌ನಿಂದ. ತೂತಿನ ಸುತ್ತ ಒಂದು ಹನಿ ತುಕ್ಕಿನ ಬಣ್ಣ.

ಹಲಗೆಗೆ ಬೂದು ಬಣ್ಣ ತರಿಸಲು ಸ್ಟೀಲ್ ವೂಲ್ ಅನ್ನು ಬಿಳಿ ವಿನಿಗರ್‌ನಲ್ಲಿ ಎರಡು ದಿನ ನೆನೆಸಿ, ಸೋಸಿ ಬಳಿಯುತ್ತೇವೆ. ಬಾಟಲಿಯ ಮುಚ್ಚಳ ಬಿಗಿಯಬಾರದು, ಅನಿಲ ಹುಟ್ಟುತ್ತದೆ. ತಿಳಿಬಣ್ಣದ ಮರದಲ್ಲಿ ಟ್ಯಾನಿನ್ ಸಾಲದಿದ್ದರೆ ಬಣ್ಣ ಏರುವುದಿಲ್ಲ, ಅದಕ್ಕೇ ಮೊದಲು ಕಡು ಚಹಾದ ಡಿಕಾಕ್ಷನ್ ಒಂದು ಕೈ ಬಳಿದು ಒಣಗಿಸಬೇಕು. ಹಲಗೆಯ ಅಂಚು ತೆಳುವಾಗಿ ಹೆರೆದು ಒಂದರ ಮೇಲೊಂದು ಹಾಯಿಸುವುದನ್ನು ಮರೆಯಬಾರದು. ಮಳೆನೀರು ಒಳಗೆ ಬರದಿದ್ದುದು ಅದರಿಂದಲೇ.

ನೆಲಮಾಳಿಗೆ, ಚಿಮಣಿ, ಸೂರು

ನೆಲಮಾಳಿಗೆ 6 ಅಡಿ ಚೌಕ, 7 ಅಡಿ ಆಳ. ಹಾಗಾಗಿ ಮಾದರಿಯ ಪೀಠವೇ 8 ಇಂಚು ಎತ್ತರದ ಪ್ಲೈವುಡ್ ಪೆಟ್ಟಿಗೆ. ಇದನ್ನು ಮೊದಲೇ ಯೋಚಿಸದವರು ಕೊನೆಗೆ ನೆಲದಲ್ಲಿ ಸುಳ್ಳು ಬಾಗಿಲು ಬರೆಯಬೇಕಾಗುತ್ತದೆ.

ಚಿಮಣಿ ಬಾಗಿಲಿಗೆ ಎದುರಿನ ತುದಿಯಲ್ಲಿ. ಅದರ ತಳಪಾಯವನ್ನೇ 1945ರಲ್ಲಿ ರೋಲಂಡ್ ರಾಬಿನ್ಸ್ ಅಗೆದು ಪತ್ತೆಹಚ್ಚಿ ಮನೆಯ ಜಾಗ ಖಚಿತಪಡಿಸಿದ್ದು. ಇಟ್ಟಿಗೆ 17 × 8 × 5 ಮಿ.ಮೀ., ಕೆಮ್ಮಣ್ಣು ಬೆರೆಸಿದ ಜೇಡಿಯಿಂದ. ಒಣಗಿದಾಗ ಜೇಡಿ ಕುಗ್ಗುವುದರಿಂದ, ಪರೀಕ್ಷೆಗೆ ಹತ್ತು ಇಟ್ಟಿಗೆ ಒಣಗಿಸಿ ಅಳೆದ ಮೇಲೆಯೇ ಅಚ್ಚು ಮಾಡಿ. ಅಗ್ಗಿಷ್ಟಿಕೆಯ ಸುತ್ತ ಇಟ್ಟಿಗೆಗಳ ನಡುವೆ ಕೊಳದ ಕಲ್ಲುಗಳೂ ಇದ್ದವು, ನಾವು ಜರಡಿ ಹಿಡಿದ ಜಲ್ಲಿ ತುಂಬಿದೆವು.

ಸೂರಿನ ಇಳಿಜಾರು ಎಷ್ಟೆಂದು ಥೋರೋ ಬರೆದಿಲ್ಲ. ತಂಗಿ ಸೋಫಿಯಾ ಬರೆದ ಚಿತ್ರ ‘ವಾಲ್ಡನ್’ನ 1854ರ ಮೊದಲ ಮುದ್ರಣದಲ್ಲಿದೆ, ಆದರೆ ಅದರಲ್ಲಿ ಮುಂಭಾಗದ ಸೂರು ಅತಿಯಾಗಿ ಚಾಚಿದೆ ಅಂತ ಥೋರೋ ಅವರೇ ತಿದ್ದುಪಡಿ ಸೂಚಿಸಿದ್ದರು. ನಾವು 45 ಡಿಗ್ರಿ ಇಟ್ಟು, ಚಾಚು 12 ಮಿ.ಮೀ.ಗೆ ನಿಲ್ಲಿಸಿದೆವು. ಹೆಂಚು 0.6 ಮಿ.ಮೀ. ದಪ್ಪದ ತೆಳು ಮರದ ಹಾಳೆ, ಅಂದರೆ ವೆನೀರ್‌ನಲ್ಲಿ, 34 ಮಿ.ಮೀ. ಉದ್ದ, ಹೊರಗೆ ಕಾಣುವುದು 10.5. ಅಗಲ ಸರಾಸರಿ 8.5, ಬೇಕೆಂದೇ ಹೆಚ್ಚುಕಡಿಮೆ. ಸೂರಿಗೆ ಸುಮಾರು 1,700 ತುಂಡು ಬೇಕು. ಥೋರೋ ಕೊಂಡದ್ದು ದಿಮ್ಮಿಯ ಮೊದಲ ಸೀಳಿನ ಕಳಪೆ ಮಾಲು, ಅಂಚನ್ನು ಉಜ್ಜುಗೊರಡಿನಿಂದ ನೇರ ಮಾಡಿಕೊಂಡಿದ್ದರು. ಯಂತ್ರದಲ್ಲಿ ಕತ್ತರಿಸಿದಂತೆ ಒಂದೇ ಸಮ ಕೂರಿಸಿದರೆ ಅದು ಅವರ ಮನೆಯಾಗುವುದಿಲ್ಲ. ಪ್ರತಿ ಸಾಲಿನ ಸಂದು ಕೆಳಗಿನ ಸಾಲಿನ ಸಂದಿಗೆ ಎದುರಾಗದಂತೆ ಸರಿಸಿ ಕೂರಿಸಬೇಕು. ನೀರಿನ ಅಂಶವಿರುವ ಅಂಟು ವೆನೀರನ್ನು ಸುರುಟಿಸುತ್ತದೆ, ಕಾಂಟ್ಯಾಕ್ಟ್ ಅಂಟೇ ಲೇಸು.

ಒಳಗಿನ ಜನ

ಮೂರು ಕುರ್ಚಿ, ಒಂದು ಮಂಚ, ಮೇಜು, ಬರೆಯುವ ಡೆಸ್ಕ್, 3 ಇಂಚಿನ ಕನ್ನಡಿ, ಮೂರು ತಟ್ಟೆ, ಎರಡು ಚಾಕು. ನಾವು ಮೂರನೇ ಚಾಕು ಒಂದನ್ನು ಸೇರಿಸಿದ್ದೇವೆ. ಆ ದಿನಗಳಲ್ಲಿ ಹದಿನೈದು ದಿನ ಜೊತೆಗಿದ್ದ ಕವಿ, ಅಂದರೆ ಚಾನಿಂಗ್, ತನ್ನದೇ ಚಾಕು ತಂದಿದ್ದರು; ಚಾಕುಗಳನ್ನು ಇಬ್ಬರೂ ಮಣ್ಣಿಗೆ ಚುಚ್ಚಿ ಉಜ್ಜುತ್ತಿದ್ದರು. ಮೂರೂ ಈಗ ಬಾಗಿಲ ಬಳಿ ಹಿಡಿ ಮೇಲಾಗಿ ನೆಲಕ್ಕೆ ನಾಟಿ ನಿಂತಿವೆ. ಅಲಗು ಅಲ್ಯುಮಿನಿಯಂ ತಗಡು, ಹಿಡಿ ಹುಣಸೆ ಕಡ್ಡಿ.

ಸೂರಡಿ ಒಮ್ಮೆಗೆ 25-30 ಜನ ಇದ್ದದ್ದುಂಟು ಅನ್ನುತ್ತಾರೆ ಥೋರೋ. ನೆಲ 150 ಚದರಡಿ. ಮಂಚ, ಮೇಜು, ಅಗ್ಗಿಷ್ಟಿಕೆ ಕಳೆದರೆ ಸುಮಾರು 120. ಐದೂವರೆ ಇಂಚಿನ ರಟ್ಟಿನ ಆಳುಗಳನ್ನು ನಿಲ್ಲಿಸಿ ನೋಡಿದರೆ 25 ಜನ ಭುಜಕ್ಕೆ ಭುಜ ತಾಗಿಸಿ ಹಿಡಿಸುತ್ತಾರೆ. 30ಕ್ಕೆ ಮಂಚದ ಮೇಲೂ ಕೂರಬೇಕು. ದೊಡ್ಡ ವಿಚಾರ ಮಾತಾಡುವಾಗ ಕುರ್ಚಿ ಹಿಂದೆ ಸರಿಸುತ್ತ ಎದುರು ಮೂಲೆಗಳಿಗೆ ತಾಗಿದರೂ ಜಾಗ ಸಾಲದು ಅನ್ನುವ ಅವರ ಮಾತನ್ನೂ ಅಳೆದೆವು: ಮೂಲೆಯಿಂದ ಮೂಲೆಗೆ 18 ಅಡಿ, ಕುರ್ಚಿಗಳ ಜಾಗ ಕಳೆದು ಸುಮಾರು 14.

1846ರ ಆಗಸ್ಟ್ 1ರಂದು ಕಾಂಕರ್ಡಿನ ಮಹಿಳೆಯರ ಗುಲಾಮಗಿರಿ ವಿರೋಧಿ ಸಂಘ ಈ ಹೊಸ್ತಿಲ ಬಳಿಯೇ ಸಭೆ ಸೇರಿತ್ತು. ಆ ಸಭೆಗೆ ಬೇರೆಯೇ ಆಳುಗಳ ಗುಂಪು, ಬೇರೆಯೇ ಹೊರ ಅಂಗಳ ಬೇಕು. ಪೀಠದ ಮುಂಭಾಗಕ್ಕೆ ಕಳಚಿ ಜೋಡಿಸುವ 10 ಇಂಚಿನ ಹಲಗೆಯೊಂದು ತಯಾರಾಗುತ್ತಿದೆ. ಅದಕ್ಕೂ ಮೊದಲು ಸೂರಿನ ಹಿಂಬದಿಯ ಹೆಂಚು ಮುಗಿಯಬೇಕು, ಎರಡು ಹಳೆಯ ಕಿಟಕಿಗಳಿಗೆ ಗಾಜು ಕೂರಬೇಕು.