ಪೋಸ್ಟರಿನಲ್ಲಿರುವುದು ಯಾರ ಮನೆಯ ಸಿಗ್ನಲ್?

ಚಿಕ್ಕಮಗಳೂರಿನ ಮೊಬೈಲ್ ಅಂಗಡಿಗಳಿಗೆ ಕಾಫಿ ಕೊಯ್ಲಿನ ತಿಂಗಳುಗಳೇ ವ್ಯಾಪಾರದ ಕಾಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಬಟವಾಡೆ ಆದ ಮಾರನೇ ದಿನ ಆಲ್ದೂರು, ಮಲ್ಲಂದೂರು ಕಡೆಯ ತೋಟಗಳಿಂದ ಜನ ಪೇಟೆಗೆ ಇಳಿಯುತ್ತಾರೆ. ಒಬ್ಬರಿಗೆ ಕರೆನ್ಸಿ ಹಾಕಿಸಬೇಕು, ಒಬ್ಬರಿಗೆ ಹೊಸ ಸಿಮ್ ಬೇಕು, ಇನ್ನೊಬ್ಬರಿಗೆ ಪೋರ್ಟ್ ಆಗಬೇಕು, ಅಂದರೆ ನಂಬರ್ ಅದೇ ಇಟ್ಟು ಕಂಪನಿ ಬದಲಿಸಬೇಕು. ಸಿಮ್ ಮಾರುವ, ರೀಚಾರ್ಜ್ ಮಾಡುವ ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಒಂದೇ. ಗ್ರಾಹಕರು ಪೋಸ್ಟರ್ ತೋರಿಸಿ 'ಇದು ಕೊಡಿ' ಅಂದ ತಕ್ಷಣ ಸಿಮ್ ತೆಗೆಯಬಾರದು. ಮೊದಲು ಅವರ ಮನೆ ಎಲ್ಲಿ, ಫೋನಿನಲ್ಲಿ ಅವರು ಏನು ಮಾಡುತ್ತಾರೆ ಎಂದು ಕೇಳಬೇಕು. ಜಾಹೀರಾತಿನ ಅಂಕಿ ಎಲ್ಲೋ ಒಂದು ಕಡೆ ಅಳೆದದ್ದು. ಅಲ್ಲಿ ಅದು ನಿಜವೂ ಇರುತ್ತದೆ. ನಮ್ಮ ಗ್ರಾಹಕರು ಆ ಜಾಗದಲ್ಲಿ ಇರುವುದಿಲ್ಲ ಎನ್ನುವುದೇ ತೊಂದರೆ.

ತೋಟದ ಲೆಕ್ಕಪತ್ರ ನೋಡುವ ರೈಟ್ರೊಬ್ಬರು ಕೌಂಟರಿನ ಮೇಲೆ ಅಂಟಿಸಿದ್ದ ಹಾಳೆಯ ಮೇಲೆ ಬೆರಳಿಟ್ಟು ಕೇಳಿದ ಪ್ರಶ್ನೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. "ಅಣ್ಣ, ಶೇ 99 ಜನರಿಗೆ ನೆಟ್‌ವರ್ಕ್ ಅಂತ ಬರ್ದಿದೆಯಲ್ಲ, ಹಂಗಾದ್ರೆ ನಮ್ ಲೈನ್ ಮನೆಗೂ ಬಂದಂಗೇ ಅಲ್ವಾ?" ಲೈನ್ ಮನೆ ಅಂದರೆ ತೋಟದ ಕೆಲಸದವರು ಇರುವ ಸಾಲು ಮನೆ.

"ಜನದ ಲೆಕ್ಕ ಅದು ರೈಟ್ರೇ, ಜಾಗದ ಲೆಕ್ಕ ಅಲ್ಲ. ನಿಮ್ ಲೈನ್‌ನಲ್ಲಿ ಈಗ ಯಾರ ಸಿಮ್ಮಿಗೆ ಟವರ್ ಸಿಗ್ತದೆ, ಅದನ್ನ ಹೇಳಿ."

2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 158 ಜನ. ಇಡೀ ಕರ್ನಾಟಕದ ಸರಾಸರಿ 319. ಬೆಂಗಳೂರು ನಗರ ಜಿಲ್ಲೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಪೇಟೆಯ ನಡುವೆ ಒಂದು ಟವರ್ ನಿಲ್ಲಿಸಿದರೆ ಸಾವಿರಾರು ಜನ ಒಮ್ಮೆಗೇ ಆ ಶೇಕಡಾ ಲೆಕ್ಕಕ್ಕೆ ಸೇರುತ್ತಾರೆ. ಗುಡ್ಡದ ಆಚೆ ಬದಿಯ ಹತ್ತು ಲೈನ್ ಮನೆಗಳಿಗಾಗಿ ಟವರ್ ನಿಲ್ಲಿಸಿದರೆ ಆ ಅಂಕಿ ಅಲುಗಾಡುವುದೂ ಇಲ್ಲ. ಹಾಗಾಗಿ ಶೇ 99 ಎಂಬ ಮಾತು ಸುಳ್ಳಾಗದೆಯೂ ಕಳಸದ ಕಡೆಯ ಒಂದು ಕಣಿವೆಗೆ ಕಣಿವೆಯೇ ಹೊರಗೆ ಉಳಿಯಬಹುದು. ಆ ಹೊರಗುಳಿದವರಲ್ಲಿ ಹೆಚ್ಚಿನವರು ನಮ್ಮಂಥ ಜಿಲ್ಲೆಗಳವರೇ. ಹಾಸನ ಜಿಲ್ಲೆಯಲ್ಲೂ ಇದೇ ಕಥೆ. ಚನ್ನರಾಯಪಟ್ಟಣದ ಬಯಲಿನಲ್ಲಿ ಚೆನ್ನಾಗಿ ಓಡುವ ಸಿಮ್ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಹಾಗೇ ಇರುತ್ತದೆ ಎಂದು ಯಾರೂ ಮಾತು ಕೊಡಲಾರರು.

ಈಗ ಇದಕ್ಕೊಂದು ಒಳ್ಳೆಯ ದಾರಿ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಅಂಗಡಿಯಲ್ಲಿ ನಾನು ಅದನ್ನೇ ತೆರೆದು, ಹಿಗ್ಗಿಸಿ, ಅವರ ತೋಟದ ಮೇಲೆ ತಂದು ನಿಲ್ಲಿಸಿ ತೋರಿಸುತ್ತೇನೆ. ಸಿಗ್ನಲ್ ಇದೆ ಎನ್ನುವ ನಕ್ಷೆಯ ಬಣ್ಣವನ್ನು ಅಂಗಳದವರೆಗೆ ನಂಬಬಹುದು. ತಗಡಿನ ಮಾಡಿನ ಕೆಳಗೆ, ದಪ್ಪ ಗೋಡೆಯ ಒಳಗೆ ನಂಬಬಾರದು, ತಗಡು ಸಿಗ್ನಲನ್ನು ತಡೆಯುತ್ತದೆ. ಆದ್ದರಿಂದ ಆ ಕಂಪನಿಯ ಸಿಮ್ ಇರುವ ನೆಂಟರನ್ನೋ ಪಕ್ಕದ ತೋಟದವರನ್ನೋ ಮನೆಗೆ ಕರೆದು, ಒಳಗಿನ ಕೋಣೆಯಲ್ಲಿ ಕೂರಿಸಿ ಒಂದು ಕಾಲ್ ಮಾಡಿಸಿ ನೋಡಿ ಅನ್ನುತ್ತೇನೆ. ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ವೇಗದ ಜಾಹೀರಾತಿಗೂ ಇದೇ ಮಾತು ಅನ್ವಯ. 'ಕರ್ನಾಟಕದಲ್ಲೇ ಅತಿ ವೇಗ' ಅಂದಾಗ ಟೆಲಿಕಾಂ ಲೆಕ್ಕದಲ್ಲಿ ಕರ್ನಾಟಕ ಒಂದೇ ಸರ್ಕಲ್, ಅಂದರೆ ಒಂದೇ ಸೇವಾ ವಲಯ. ಬೆಂಗಳೂರೂ ನಮ್ಮ ಘಟ್ಟದ ಕೊಟ್ಟಿಗೆಹಾರವೂ ಒಂದೇ ಸರಾಸರಿಯ ಒಳಗೆ ಬೀಳುತ್ತವೆ. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತುವವರಲ್ಲಿ ಪೇಟೆಯವರೇ ಹೆಚ್ಚು, ಸಿಗ್ನಲ್ಲೇ ಇಲ್ಲದ ಮನೆಯಿಂದ ಟೆಸ್ಟ್ ಹೋಗುವುದೂ ಇಲ್ಲ. ದೊಡ್ಡ ಕಂಪನಿಗಳೇ ಈ ವಿಷಯಕ್ಕೆ ಕಿತ್ತಾಡಿವೆ. 2015ರಲ್ಲಿ ಏರ್‌ಟೆಲ್ ತನ್ನ 4ಜಿ ವೇಗದ ಸವಾಲಿನ ಜಾಹೀರಾತು ಬಿಟ್ಟಾಗ ಜಾಹೀರಾತು ಮಾನದಂಡ ಮಂಡಳಿಯಾದ ಎಎಸ್‌ಸಿಐ ಅದನ್ನು ಹಿಂತೆಗೆಯಲು ಹೇಳಿತು. 2017ರಲ್ಲಿ ಅದೇ ಕಂಪನಿ ನೆಟ್ ವೇಗ ಅಳೆಯುವ ಊಕ್ಲಾ ಎಂಬ ಸಂಸ್ಥೆಯ ಪರೀಕ್ಷೆಯನ್ನು ಆಧಾರ ಮಾಡಿಕೊಂಡು ತಾನೇ ಅಧಿಕೃತವಾಗಿ ಅತಿ ವೇಗದ ನೆಟ್‌ವರ್ಕ್ ಅಂದಿತು. ಜಿಯೋ ದೂರು ಕೊಟ್ಟಿತು, ಬದಲಿಸಿ ಇಲ್ಲವೇ ನಿಲ್ಲಿಸಿ ಎಂದು ಮಂಡಳಿ ಹೇಳಿತು. ಅದೇ ಕಾಲದ ಟ್ರಾಯ್ ಅಂಕಿಗಳಲ್ಲಿ ಜಿಯೋ ಮುಂದಿತ್ತು. ಇಬ್ಬರು ಅಳೆದರೆ ಎರಡು ವಿಜೇತರು! ಹಾಗಿದ್ದ ಮೇಲೆ 'ನಂಬರ್ ಒನ್' ನೋಡಿದಾಗ ಯಾರು ಅಳೆದರು, ಯಾವ ತಿಂಗಳು, ಯಾವ ಊರಲ್ಲಿ ಎಂಬ ಮೂರು ಪ್ರಶ್ನೆ ಕೇಳುವುದು ತಪ್ಪಲ್ಲ.

ಒಂದೇ ಪೋಸ್ಟರಿನ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದನ್ನೂ ಕಲಿಯಬೇಕು. ಮೇಲೆ 4ಜಿ ವೇಗ 100 ಎಂಬಿಪಿಎಸ್‌ವರೆಗೆ, ಕೆಳಗೆ ದಿನಕ್ಕೆ 2 ಜಿಬಿ ಎಂದು ಇದೆ ಅಂದುಕೊಳ್ಳಿ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ ಇಳಿಯುವುದು ಹನ್ನೆರಡೂವರೆ ಎಂಬಿ. ಆ ವೇಗ ನಿಜಕ್ಕೂ ಸಿಕ್ಕಿದರೆ ಇಡೀ ದಿನದ 2 ಜಿಬಿ ಮೂರು ನಿಮಿಷದೊಳಗೆ ಖಾಲಿ. ಅಷ್ಟು ವೇಗ ನಿಮಗೆ ದಿನವಿಡೀ ಬೇಕೇ ಇಲ್ಲ. ವಿಡಿಯೋ ಕಾಲ್ ತುಂಡಾಗದಂತೆ ಮೂರ್ನಾಲ್ಕು ಎಂಬಿಪಿಎಸ್ ಬಿಡದೆ ಬಂದರೆ ಸಾಕು.

ಡಾಟಾ ಖಾಲಿಯಾದ ಮೇಲಿನ ಕಥೆ ಬೇರೆಯೇ. 'ಅನ್‌ಲಿಮಿಟೆಡ್' ಎಂದು ಬರೆದ ಎಷ್ಟೋ ಪ್ಯಾಕ್‌ಗಳಲ್ಲಿ ದಿನದ ಕೋಟಾ ಮುಗಿದರೆ ನೆಟ್ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ ಎಂಟು ಕೆಬಿ. ಎರಡು ಎಂಬಿಯ ಒಂದು ಫೋಟೋ ವಾಟ್ಸಾಪ್‌ನಲ್ಲಿ ಹೋಗಲು ನಾಲ್ಕು ನಿಮಿಷಕ್ಕೂ ಹೆಚ್ಚು. ಕೊಯ್ಲಿಗೆಂದು ಅಸ್ಸಾಂನಿಂದ ಬಂದ ಹುಡುಗರು ಹಗಲಲ್ಲಿ ರೀಲ್ಸ್ ನೋಡಿ, ರಾತ್ರಿ ಮನೆಗೆ ವಿಡಿಯೋ ಕಾಲ್ ಮಾಡಲು ಕೂತಾಗ ಅಮ್ಮನ ಮುಖ ಅರ್ಧಕ್ಕೇ ನಿಂತುಬಿಡುತ್ತದೆ. ಮಾರನೇ ದಿನ ಫೋನ್ ಕೆಟ್ಟಿದೆ ಎಂದು ನನ್ನ ಮುಂದೆ ಇಡುತ್ತಾರೆ. ಫೋನ್ ಕೆಟ್ಟಿರುವುದಿಲ್ಲ. ಆ ಹುಡುಗರಿಗೆ ಆಟೋ ಡೌನ್‌ಲೋಡ್ ಆಫ್ ಮಾಡಿಕೊಟ್ಟು, ರೀಲ್ಸ್‌ಗೆ ಡಾಟಾ ಸೇವರ್ ಹಾಕಿಕೊಟ್ಟರೆ ಹೆಚ್ಚಿನ ಪ್ಯಾಕ್ ಮಾರುವ ಅವಕಾಶ ಹೋಗುತ್ತದೆ ಎನ್ನುವುದು ನಿಜ. ಆದರೂ ಅದೇ ಸರಿ, ಊರಿಂದ ಅಷ್ಟು ದೂರ ಬಂದವರಿಗೆ ಆ ಕಾಲ್ ದೊಡ್ಡದು.

ಅನ್‌ಲಿಮಿಟೆಡ್ 5ಜಿ ಎಂಬುದರಲ್ಲಿ ಇನ್ನೊಂದು ಮಡಿಕೆ ಇದೆ. ಫೋನ್ 5ಜಿ ಸಿಗ್ನಲ್ ಹಿಡಿದಿರುವಷ್ಟು ಹೊತ್ತು ಮಾತ್ರ ಅದು ಅನ್‌ಲಿಮಿಟೆಡ್. 4ಜಿಗೆ ಇಳಿದ ಕ್ಷಣದಿಂದ ದಿನದ ಕೋಟಾ ಕರಗುತ್ತದೆ. ಪೇಟೆಯಲ್ಲಿ ಇರುವವರಿಗೆ ಇದು ದೊಡ್ಡ ಲಾಭ. ಗುಡ್ಡದ ಮೇಲೆ ಹೋಮ್‌ಸ್ಟೇ ನಡೆಸುವವರಿಗೆ ಅದೇ ಪ್ಯಾಕ್, ಅದೇ ದುಡ್ಡು, ಬೇರೆಯೇ ಸೌಲಭ್ಯ. 5ಜಿ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತರಂಗಗಳೂ ಇವೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಜ್ ತರಂಗ ಕೊಂಡದ್ದು ಜಿಯೋ ಒಂದೇ. 3300 ಮೆಗಾಹರ್ಟ್ಜ್ ಸುತ್ತಿನದನ್ನು ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಕೊಂಡವು. 700ರಂಥ ಕಡಿಮೆ ಆವರ್ತನದ್ದು ದೂರ ಹೋಗುತ್ತದೆ, ಮರ ಗೋಡೆ ದಾಟುತ್ತದೆ, ವೇಗ ಕಡಿಮೆ. ಹೆಚ್ಚಿನದ್ದು ವೇಗ ಕೊಡುತ್ತದೆ, ದೂರ ಹೋಗುವುದಿಲ್ಲ. ನಿಮ್ಮ ಫೋನ್ ಯಾವುದನ್ನು ಹಿಡಿಯುತ್ತದೆ ಎಂದು ಫೋನಿನ ವಿವರದಲ್ಲಿ ಬರುವ ಬ್ಯಾಂಡ್ ಪಟ್ಟಿಯಲ್ಲಿ, ಅಂದರೆ ತರಂಗಗಳ ಪಟ್ಟಿಯಲ್ಲಿ ಇರುತ್ತದೆ. ಹಳೆಯ 4ಜಿ ಸೆಟ್ಟಿಗೆ 5ಜಿ ಪ್ಯಾಕ್ ಹಾಕಿಸಿದರೆ ಅದು 5ಜಿ ಆಗುವುದಿಲ್ಲ. ಇದನ್ನು ದಿನಾ ಹೇಳಬೇಕಾಗುತ್ತದೆ.

ಸಣ್ಣ ಅಕ್ಷರಗಳ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ನನ್ನ ಅಂಗಡಿಗೆ ಬಂದ ಒಂದು ಪೋಸ್ಟರಿನಲ್ಲಿ ತಲೆಬರಹ ಅಂಗೈ ಅಗಲದ ಕನ್ನಡ. ಬೆಲೆಯೂ ಹಾಗೇ. ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ. ಆ ಚಿಹ್ನೆಯ ಅರ್ಥ ಕೆಳಗಿನ ಅಂಚಿನಲ್ಲಿ, ಮಾತ್ರೆಯ ಪಟ್ಟಿಯ ಮೇಲೆ ಇರುವಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಫೋನಿನ ಕ್ಯಾಮೆರಾದಿಂದ ಫೋಟೋ ತೆಗೆದು ಹಿಗ್ಗಿಸಿದ ಮೇಲೇ ಓದಲು ಆದದ್ದು: ಆ ಬೆಲೆ ಆ್ಯಪ್‌ನಿಂದ ಮಾಡಿದ ಮೊದಲ ರೀಚಾರ್ಜಿಗೆ ಮಾತ್ರ. ಅಂಗಡಿಗೆ ಬಂದು ನಗದು ಕೊಡುವ ತೋಟದ ಕೆಲಸದವರಿಗೆ ಅದು ಇಲ್ಲವೇ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಬಗ್ಗೆ ಸ್ಪಷ್ಟವಾಗಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ದೊಡ್ಡ ಅಕ್ಷರದ ಹೇಳಿಕೆಗೆ ವಿರುದ್ಧವಾದದ್ದನ್ನು ಷರತ್ತಿನಲ್ಲಿ ಹೇಳುವಂತಿಲ್ಲ. ಆ ಹಾಳೆಯನ್ನು ನಾನು ಗೋಡೆಯಿಂದ ತೆಗೆದೆ. ಈಗ ಅಂಟಿಸುವ ಪ್ರತಿ ಪೋಸ್ಟರಿನ ಪಕ್ಕ ಷರತ್ತನ್ನು ಕನ್ನಡದಲ್ಲಿ ಮಾರ್ಕರ್‌ನಿಂದ ಬರೆದು ಅಂಟಿಸುತ್ತೇನೆ.

'ಶಾಶ್ವತ', 'ಜೀವಮಾನ' ಎಂಬ ಹಿಂದಿನ ಮಾತುಗಳೂ ಹೀಗೇ. 2005ರ ಕೊನೆಯಲ್ಲಿ ₹999 ಕೊಟ್ಟು ಲೈಫ್‌ಟೈಮ್ ಸಿಮ್ ಮಾಡಿಸಿದವರು ನಮ್ಮಲ್ಲಿ ಇನ್ನೂ ಇದ್ದಾರೆ. 2018ರ ಕೊನೆಗೆ ಕಂಪನಿಗಳು ₹35ರ ಕನಿಷ್ಠ ರೀಚಾರ್ಜ್ ತಂದಾಗ ಹಿರಿಯರು ಆ ಹಳೇ ಕಾರ್ಡ್ ಹಿಡಿದು ಅಂಗಡಿಗಳಿಗೆ ಬಂದು, ಜೀವಮಾನಕ್ಕೆ ಅಂದ ಮೇಲೆ ಮತ್ತೆ ಇದು ಯಾಕೆ ಎಂದು ಕೇಳುತ್ತಿದ್ದರು.

ದಿನದ ಲೆಕ್ಕಕ್ಕೆ ಬರೋಣ, ಇದು ಸುಲಭ. 28 ದಿನದ ಪ್ಯಾಕ್ ತಿಂಗಳ ಪ್ಯಾಕ್ ಅಲ್ಲ. ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ₹299ರದಾದರೆ ಹನ್ನೆರಡು ಸಲಕ್ಕೆ ₹3,588, ಹದಿಮೂರು ಸಲಕ್ಕೆ ₹3,887. 'ಮೂರು ತಿಂಗಳ ಪ್ಯಾಕ್' ಎಂದು ನಾವೆಲ್ಲ ಕರೆಯುವುದು 84 ದಿನ. ಬೆಲೆಯನ್ನು ದಿನದಿಂದ ಭಾಗಿಸಿ ನೋಡಿದರೆ ಯಾವುದು ಅಗ್ಗ ಎಂದು ತಿಳಿಯುತ್ತದೆ. ಕನಿಷ್ಠ ಒಂದು 30 ದಿನದ ಪ್ಯಾಕ್, ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವ ಇನ್ನೊಂದು ಪ್ಯಾಕ್ ಪ್ರತಿ ಕಂಪನಿಯಲ್ಲೂ ಇರಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲೇ ಆದೇಶಿಸಿದೆ. ಕೇಳಿದರೆ ಸಿಗುತ್ತದೆ, ಪೋಸ್ಟರಿನಲ್ಲಿ ಸಿಗುವುದಿಲ್ಲ.

ಪೋಸ್ಟರಿನಲ್ಲಿ ಸಿಗದ ಇನ್ನೊಂದು, ಬರೀ ಮಾತಿನ ಪ್ಯಾಕ್. ಬಟನ್ ಸೆಟ್ ಹಿಡಿದ ಅಜ್ಜಿಗೆ ದಿನಕ್ಕೆ 2 ಜಿಬಿ ಯಾಕೆ? "ಮಗ ಬೆಂಗ್ಳೂರಿಂದ ಮಾಡ್ತಾನೆ, ನಾನು ಎತ್ತುದು, ಅಷ್ಟೇ ಕಣಪ್ಪ" ಅನ್ನುವವರು ಎಷ್ಟೋ ಜನ. ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಡಾಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ನಿಯಮ ಮಾಡಿತು. ಅಂಥ ವೋಚರುಗಳಿಗೆ 365 ದಿನದವರೆಗೆ ವ್ಯಾಲಿಡಿಟಿ ಕೊಡಲೂ ದಾರಿ ಮಾಡಿತು. ಅದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ, ಆ್ಯಪ್‌ನಲ್ಲಿ ಹುಡುಕಿ ಹಾಕಿಕೊಡುತ್ತೇನೆ. ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಯಾವ ಪ್ಯಾಕ್ ಇದೆ ಎಂದು ಒಮ್ಮೆ ನೋಡಿ.

ಪೋರ್ಟ್ ಮಾಡಿಸುವವರಿಗೆ ಎರಡು ಮಾತು. PORT ಎಂದು ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಕೋಡ್ ಬರುತ್ತದೆ, ಅದು ನಾಲ್ಕು ದಿನ ಮಾತ್ರ ಚಾಲ್ತಿ. ಸಿಮ್ ಕಳೆದು ಹೊಸದು ಮಾಡಿಸಿದ್ದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಪೋರ್ಟ್‌ಗೆ ಏಳು ದಿನ ಕಾಯಬೇಕು. ಒಮ್ಮೆ ಪೋರ್ಟ್ ಆದ ಮೇಲೆ 90 ದಿನ ಮತ್ತೆ ಬದಲಿಸಲು ಬರುವುದಿಲ್ಲ. ಬಯಲುಸೀಮೆಯವರಿಗೆ ಈ 90 ದಿನ ದೊಡ್ಡ ವಿಷಯ ಅಲ್ಲದಿರಬಹುದು. ನಮಗೆ ಹೌದು, ಮಳೆಗಾಲದ ದೆಸೆಯಿಂದ.

ಯಾವ ಜಾಹೀರಾತೂ ಮುಟ್ಟದ ವಿಷಯ ಇದು. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂಡಿಗೆರೆ, ಕಳಸ, ಕೊಪ್ಪದ ಕಡೆ ದಿನಗಟ್ಟಲೆ ಬರುವುದಿಲ್ಲ. ಟವರ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಬ್ಯಾಟರಿ ಹಳತಾಗಿದ್ದರೆ, ಜನರೇಟರಿಗೆ ಡೀಸೆಲ್ ಬರದಿದ್ದರೆ ಕೆಲವೇ ಗಂಟೆಗಳಲ್ಲಿ ಸಿಗ್ನಲ್ ಹೋಗುತ್ತದೆ. ಆಂಬ್ಯುಲೆನ್ಸ್ ಬೇಕಾಗುವುದು, ಲೈನ್‌ಮನ್ ಬೇಕಾಗುವುದು ಅದೇ ಹೊತ್ತಿಗೆ. ಮೇ ತಿಂಗಳ ಒಣ ಹವೆಯಲ್ಲಿ ನಾಲ್ಕು ಕಡ್ಡಿ ನೋಡಿ ಪೋರ್ಟ್ ಮಾಡಿಸಿದವರು ಜುಲೈ ಕೊನೆಯವರೆಗೋ ಆಗಸ್ಟ್‌ವರೆಗೋ ಅದೇ ಕಂಪನಿಯಲ್ಲಿ ಇರಬೇಕು. ಆದ್ದರಿಂದ ಮೇನಲ್ಲಿ ಪೋರ್ಟ್ ಕೇಳಿಕೊಂಡು ಬಂದವರಿಗೆ ನಾನು ಹೇಳುವುದು ಇಷ್ಟು: ಹೋದ ಮಳೆಗಾಲದಲ್ಲಿ ಕರೆಂಟ್ ಹೋದಾಗ ನಿಮ್ಮ ಸುತ್ತಮುತ್ತ ಯಾರ ಫೋನ್ ಕೊನೆಯವರೆಗೆ ನಡೆಯಿತು ಎಂದು ಊರಿನ ಲೈನ್‌ಮನ್‌ನನ್ನು, ಹಾಲಿನ ಡೈರಿಯವರನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಬನ್ನಿ, ಆಮೇಲೆ ಸಿಮ್ ಬದಲಿಸೋಣ.