ಸ್ಕ್ರಿಪ್ಟ್ ಓಡಿತ್ತು, ಸೆಟ್ಟಿಂಗ್ ಬದಲಾಗಿರಲಿಲ್ಲ

ತೊಗರಿ ಸುಗ್ಗಿಗೆ ಮುಂಚೆ ಒಂದು ದಾಲ್ ಮಿಲ್‌ನ ಮೂರು ಸರ್ವರ್‌ಗಳಿಗೆ ನಾನೇ ಬರೆದ ಸ್ಕ್ರಿಪ್ಟ್ ಓಡಿಸಿದ್ದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಕಲಬುರಗಿ ಮಷಿನ್‌ನಲ್ಲಿ 32 ಜಿಬಿ ರ‍್ಯಾಮ್ ಇದೆ. ಅದರ ಕಾಲು ಭಾಗ ಲೆಕ್ಕ ಹಿಡಿದು ಶೇರ್ಡ್ ಬಫರ್ಸ್ (ಡೇಟಾಬೇಸ್ ತನಗೆಂದು ಎತ್ತಿಟ್ಟುಕೊಳ್ಳುವ ಮೆಮೊರಿ) 8 ಜಿಬಿ ಎಂದು ಮೂರೂ ಕಡೆಗೆ ಒಂದೇ ಅಂಕಿಯ ಆಲ್ಟರ್ ಸಿಸ್ಟಮ್ ಕಮಾಂಡ್ (ಸೆಟ್ಟಿಂಗ್ ಬದಲಿಸುವುದು) ಕೊಟ್ಟೆ, ಕೊನೆಗೆ ರೀಲೋಡ್. ಮೂರೂ ಕಡೆ 'ಟಿ', ಅಂದರೆ ಟ್ರೂ, ಬಂತು. ಕೆಲಸ ಆಯಿತೆಂದು ಮನೆಗೆ ಹೋದೆ.

ಆ 'ಟಿ'ಗೆ ಅರ್ಥ, ಕಾನ್ಫಿಗ್ ಮತ್ತೆ ಓದೆಂದು ಸಿಗ್ನಲ್ ಹೋಗಿದೆ ಅಂತ, ಅಷ್ಟೇ. ಶೇರ್ಡ್ ಬಫರ್ಸ್ ಬದಲಾಗಬೇಕಾದರೆ ಡೇಟಾಬೇಸ್ ರೀಸ್ಟಾರ್ಟ್ ಆಗಲೇಬೇಕು. ತಪ್ಪು ಅಂಕಿ ವಾರಗಟ್ಟಲೆ ಫೈಲಿನಲ್ಲಿ ಸುಮ್ಮನೆ ಕೂತಿತ್ತು.

ಜನವರಿಯ ಒಂದು ರಾತ್ರಿ ಯಾದಗಿರಿಯಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಇಳಿಯಿತು. ಬೆಳಿಗ್ಗೆ ಅಲ್ಲಿನ ಹುಡುಗನ ಫೋನು: "ಸರ್ರ, ಮಷಿನ್ ಚಾಲೂ ಆಗ್ಯಾದ್ರಿ, ಖರೇ ಕಾಟಾ ಚೀಟಿ ಬರವಲ್ದು. ಗೇಟಿನ ಮುಂದ ಲಾರಿ ನಿಂತಾವ್ರಿ." ಕಾಟಾ ಚೀಟಿ ಎಂದರೆ ತೂಕದ ಚೀಟಿ.

ಲಾಗ್ ತೆರೆದೆ. ಶೇರ್ಡ್ ಮೆಮೊರಿ ಮ್ಯಾಪ್ ಮಾಡಲು ಆಗಲಿಲ್ಲ, ಮೆಮೊರಿ ಸಿಗುತ್ತಿಲ್ಲ ಎಂದಿತ್ತು. ಸಿಗುವುದಾದರೂ ಹೇಗೆ? ಆ ಮಷಿನ್‌ನಲ್ಲಿ ಇದ್ದದ್ದೇ 4 ಜಿಬಿ, ಡಿಸ್ಕ್‌ನಿಂದ ಎರವಲು ಪಡೆಯುವ ಸ್ವಾಪ್ ಸೇರಿದರೂ 6. ಮುಖ್ಯ ಕಾನ್ಫಿಗ್ ಫೈಲಿನಲ್ಲಿ 1 ಜಿಬಿ ಬರೆದು ಸ್ಟಾರ್ಟ್ ಕೊಟ್ಟೆ. ಮತ್ತೆ ಅದೇ ಎರರ್. ಇನ್ನೊಮ್ಮೆ ಕೊಟ್ಟೆ, ಅದೇ. ಅಷ್ಟೊತ್ತಿಗೆ ಆ ಹುಡುಗ ಚೀಟಿಗಳನ್ನು ಕೈಯಲ್ಲೇ ಬರೆಯಲು ಕೂತಿದ್ದ, ಚಳಿಯಲ್ಲಿ ರೈತರು ಕಾಯುತ್ತಿದ್ದರು. ನನ್ನ ಕೈ ನಡುಗುತ್ತಿತ್ತು.

ಆಲ್ಟರ್ ಸಿಸ್ಟಮ್ ಬರೆಯುವುದು ಬೇರೆ ಫೈಲಿಗೆ, ಹೆಸರಿನಲ್ಲಿ 'ಆಟೋ' ಇರುವ ಫೈಲಿಗೆ. ಪೋಸ್ಟ್‌ಗ್ರೆಸ್ ಅದನ್ನು ಕೊನೆಗೆ ಓದುತ್ತದೆ, ಹಾಗಾಗಿ ಅದರ ಮಾತೇ ನಡೆಯುತ್ತದೆ. ಕೈಯಿಂದ ತಿದ್ದಬೇಡಿ ಎಂದು ಅದರ ತಲೆಯ ಮೇಲೇ ಬರೆದಿರುತ್ತದೆ. ರೀಸೆಟ್ ಮಾಡುವ ಕಮಾಂಡ್ ಇದೆ, ಆದರೆ ಅದಕ್ಕೆ ಡೇಟಾಬೇಸ್ ಓಡುತ್ತಿರಬೇಕಲ್ಲ! ಫೈಲಿನ ನಕಲು ತೆಗೆದಿಟ್ಟು ಆ ಒಂದು ಸಾಲು ಅಳಿಸಿದೆ. ಎದ್ದಿತು.

ಆವತ್ತೇ ಉಳಿದೆರಡು ಕಡೆ ಸೆಟ್ಟಿಂಗ್‌ಗಳ ಪಟ್ಟಿಯಾದ ಪಿಜಿ ಸೆಟ್ಟಿಂಗ್ಸ್‌ನಲ್ಲಿ ಪೆಂಡಿಂಗ್ ರೀಸ್ಟಾರ್ಟ್ (ರೀಸ್ಟಾರ್ಟ್‌ಗೆ ಕಾದಿರುವ ಬದಲಾವಣೆ ಇದೆಯೇ) ಕಾಲಂ ನೋಡಿದೆ. ಎರಡರಲ್ಲೂ ಟ್ರೂ. ಕಲಬುರಗಿಯದು ಇನ್ನೂ ಡೀಫಾಲ್ಟ್ 128 ಎಂಬಿಯಲ್ಲೇ ಓಡುತ್ತಿತ್ತು. ನಾನು ಮಾಡಿದೆ ಎಂದುಕೊಂಡ ಸುಧಾರಣೆ ಎಲ್ಲೂ ಆಗಿರಲೇ ಇಲ್ಲ. ಬೀದರ್‌ನಲ್ಲಿ 16 ಜಿಬಿ ರ‍್ಯಾಮ್, ಅಲ್ಲಿಗೆ 4 ಎಂದು ತಿದ್ದಿದೆ.

ಈಗ ಸ್ಕ್ರಿಪ್ಟ್ ಮೊದಲು ಆಯಾ ಮಷಿನ್‌ನ ರ‍್ಯಾಮ್ ಓದುತ್ತದೆ, ಕೊನೆಗೆ ಪೆಂಡಿಂಗ್ ಪಟ್ಟಿ ತೋರಿಸುತ್ತದೆ. ಆ ರಾತ್ರಿ ಮಿಲ್ ಬಾಗಿಲು ಹಾಕಿದ ಮೇಲೆ ಮೂರನ್ನೂ ಒಂದೊಂದಾಗಿ ರೀಸ್ಟಾರ್ಟ್ ಮಾಡಿದೆ. ಯಾದಗಿರಿಯ ಹುಡುಗ ಕೊನೆಯವರೆಗೂ ಫೋನ್ ಇಡಲಿಲ್ಲ, ಪ್ರತಿ ಸಲ ಒಂದು ಖಾಲಿ ಕಾಟಾ ಚೀಟಿ ತೆಗೆದು "ಬಂತ್ರಿ" ಎನ್ನುತ್ತಿದ್ದ.